ಪುಟ್ಟಿಗೆ ಯಾವ ಬಣ್ಣ ಕೊಡಿಸೋದು?

ಅಕ್ಕ: (ಫೋಟೊ: 24 ಬಣ್ಣದ ಅಕ್ರಿಲಿಕ್ ಸೆಟ್) ಪುಟ್ಟಿಗೆ ಪೇಂಟಿಂಗ್ ಶುರು ಮಾಡಿಸೋಣ ಅಂತಿದೀನಿ. ನಾಲ್ಕು ವರ್ಷದವಳಿಗೆ ಇದು ನಡೆಯುತ್ತಾ?

ಅತ್ತೆ: ಬೇಡ ಕಣೇ. ಅಕ್ರಿಲಿಕ್ ಒಣಗಿದ್ರೆ ಪ್ಲಾಸ್ಟಿಕ್ ಪದರ ಆಗ್ಬಿಡುತ್ತೆ, ಮತ್ತೆ ನೀರಿಗೆ ಕರಗಲ್ಲ. ಫ್ರಾಕ್ ಮೇಲೆ ಒಣಗಿತೋ, ಹೋಗಲ್ಲ. ಬ್ರಶ್ ತೊಳೆಯದೆ ಬಿಟ್ರೆ ಬುಡದಲ್ಲಿ ಗಟ್ಟಿಯಾಗಿ ಕೂದಲು ಕವಲೊಡೆದು ನಿಲ್ಲುತ್ತೆ.

ಭಾವ: ಡಬ್ಬಿ ಮೇಲೆ ‘ನಾನ್ ಟಾಕ್ಸಿಕ್’ ಅಂತಿದೆಯಲ್ಲ ಅತ್ತೆ?

ದೊಡ್ಡಪ್ಪ: ಅದು ವಿಷದ ಮಾತಾಯ್ತು, ಬಟ್ಟೆ ಮೇಲಿನ ಕರೆ ಹೋಗೋ ಮಾತಲ್ಲ. ಇನ್ನೊಂದು, ಡಬ್ಬಿ ಮೇಲೆ ಅಮೆರಿಕದ ಮಾನದಂಡ ಎಎಸ್‌ಟಿಎಂ ಡಿ-4236 ಅಂತ ಮಾತ್ರ ಇದ್ರೆ ನಂಬಿ ಕೂರಬೇಡಿ. ಅಪಾಯ ಇದ್ರೆ ಲೇಬಲ್ಲಿನಲ್ಲಿ ತಿಳಿಸಿರುತ್ತಾರೆ ಅನ್ನೋದಷ್ಟೇ ಅದರ ಅರ್ಥ. ‘ಎಪಿ’ ಮುದ್ರೆಯೋ (ವಿಷವಿಲ್ಲ ಅಂತ ತಜ್ಞರು ಪರಿಶೀಲಿಸಿದ ಗುರುತು) ಯುರೋಪಿನ ಆಟಿಕೆ ಮಾನದಂಡ ಇಎನ್ 71-3 ಅಂತಲೋ ಇದೆಯಾ ನೋಡಿ. ಕಲಾವಿದರ ಟ್ಯೂಬುಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರಬಹುದು. ಅವು ಮಗುವಿನ ಕೈಗೆ ಬೇಡವೇ ಬೇಡ.

ಭಾವ: ಹಾಗಾದ್ರೆ ವಾಟರ್ ಕಲರ್ ಬಿಲ್ಲೆಗಳು? ಚೆಲ್ಲಲ್ಲ, ಮುಚ್ಚಳ ಮುಚ್ಚಿದ್ರೆ ಮುಗೀತು.

ಅತ್ತೆ: ನಿಮ್ಮ ನೆಲಕ್ಕೆ ಅನುಕೂಲ, ಒಪ್ಪಿದೆ. ಮಗುವಿಗೆ ಕಷ್ಟ. ನೀರಿನ ಹದ ಅವಳಿಗೆ ಇನ್ನೂ ಸಿಗಲ್ಲ. ಬ್ರಶ್ ತುಂಬ ನೀರು ತಗೊಂಡು ಒಣ ಬಿಲ್ಲೆ ತಿಕ್ತಾಳೆ, ಕಾಗದಕ್ಕೆ ಬರೋದು ಪೇಲವ ಬಣ್ಣ. ಬರ್ಲಿಲ್ಲ ಅಂತ ಅದೇ ಜಾಗ ಉಜ್ಜಿ ಉಜ್ಜಿ ಕಾಗದ ನಾರೆದ್ದು ತೂತಾಗುತ್ತೆ. ಒಂದರ ಮೇಲೊಂದು ಬಳಿದ್ರೆ ಕೆಳಗಿನದು ಮುಚ್ಚೋದೂ ಇಲ್ಲ. ಆರೇಳು ವರ್ಷಕ್ಕೆ ಕೊಡಿ. ಈಗ ವಾಶಬಲ್ ಟೆಂಪೆರಾ, ಅಂದ್ರೆ ತೊಳೆದ್ರೆ ಹೋಗೋ ಗಟ್ಟಿ ನೀರುಬಣ್ಣ, ಬಾಟಲಿನದು.

ನಾನು: ಪೋಸ್ಟರ್ ಕಲರ್ ಅಂದ್ರೂ ಅದೇನಾ?

ಅತ್ತೆ: ಹೆಚ್ಚುಕಮ್ಮಿ. ಎರಡೂ ಕೆಳಗಿನ ಬಣ್ಣ ಮುಚ್ಚುತ್ತವೆ. ಆದ್ರೆ ಪೋಸ್ಟರ್ ಕಲರ್ ಎಲ್ಲಾ ಬಟ್ಟೆಯಿಂದ ಹೋಗಲ್ಲ, ‘ವಾಶಬಲ್’ ಅಂತ ಬರೆದಿರಲೇಬೇಕು. ಬರೆದಿದ್ರೂ ಕೆಂಪು, ನೇರಳೆ ಮೊಂಡು. ಒಣಗೋ ಮುಂಚೆ ತಣ್ಣೀರಲ್ಲಿ ಹಿಂಡಿಬಿಡು.

ಅಕ್ಕ: 24 ಬಣ್ಣ ಇದ್ರೆ ಖುಷಿ ಪಡ್ತಾಳೆ ಅತ್ತೆ.

ಅತ್ತೆ: ಎಲ್ಲಾ ಬಣ್ಣ ರೆಡಿ ಇದ್ರೆ ಅವಳು ಬೆರೆಸೋದೇ ಇಲ್ಲ. ಮೊದಲ ದಿನ ಹಳದಿ, ನೀಲಿ ಎರಡೇ. ಬಿಳಿ ತಟ್ಟೆಗೆ ಒಂದು ಚಮಚ ಹಳದಿ ಹಾಕಿ, ನಡುವೆ ಬೆಂಕಿಕಡ್ಡಿ ತಲೆಯಷ್ಟು ನೀಲಿ ಇಡು. ಬ್ರಶ್ ತಿರುಗಿಸಿದ ಹಾಗೆ ನೀಲಿ ಎಳೆಎಳೆಯಾಗಿ ಸುತ್ತಿಕೊಳ್ಳುತ್ತೆ, ಆ ಎಳೆಗಳ ಅಂಚಲ್ಲೇ ಮೊದಲು ಹಸಿರು ಕಾಣೋದು. ಅವಸರ ಮಾಡಿಸಬೇಡ, ನೋಡ್ಲಿ. ನೀಲಿಗೆ ಹಳದಿ ಹಾಕೋಕೆ ಹೋದ್ರೆ ಅರ್ಧ ಬಾಟಲ್ ಸುರಿದ್ರೂ ತಿಳಿ ಹಸಿರು ಬರಲ್ಲ.

ದೊಡ್ಡಪ್ಪ: ಕೆಂಪಿನ ಬದಲು ಮೆಜೆಂಟಾ, ಅಂದ್ರೆ ಗಾಢ ಗುಲಾಬಿ, ತಗೊಳ್ಳಮ್ಮ. ಸಾಮಾನ್ಯ ಕೆಂಪು ಕಿತ್ತಳೆ ಕಡೆ ವಾಲಿರುತ್ತೆ, ನೀಲಿ ಸೇರಿದ್ರೆ ನೇರಳೆ ಬರದೆ ಕಂದು ಬಣ್ಣ ಆಗುತ್ತೆ. ಬಿಳಿ ದೊಡ್ಡ ಬಾಟಲ್ ಇರಲಿ, ಬೇಗ ಖಾಲಿ ಆಗೋದು ಅದೇ. ಕಪ್ಪು ಬೇಡ.

ಅತ್ತೆ: ಕಪ್ಪು ಯಾಕಣ್ಣ ಬೇಡ? ಗೆರೆ ಎಳೆಯೋಕೆ ಮಕ್ಕಳು ಮೊದಲು ಕೇಳೋದೇ ಅದು. ಅದಕ್ಕೊಂದು ಬೇರೆ ಬ್ರಶ್ ಇಟ್ರಾಯ್ತು.

ದೊಡ್ಡಪ್ಪ: ಬೇರೆ ಬ್ರಶ್ ಅನ್ನೋದು ಆ ವಯಸ್ಸಿಗೆ ನೆನಪಿರುತ್ತಾ? ಒಂದು ಸಲ ಅದ್ದಿದ್ರೆ ಹಳದಿ ಬಾಟಲ್ ಪೂರ್ತಿ ಹಾಳು.

ಅತ್ತೆ: ಬಾಟಲಿಗೆ ಅದ್ದೋಕೆ ಬಿಡೋದೇ ತಪ್ಪು. ಒಂದೊಂದು ಚಮಚ ತಟ್ಟೆಗೆ ಹಾಕಿಕೊಡ್ಬೇಕು. ಉಳಿದಿದ್ದನ್ನ ವಾಪಸ್ ಸುರಿಯಲೂಬಾರದು. ಬ್ರಶ್ ನೀರಿನ ಬ್ಯಾಕ್ಟೀರಿಯಾ ಒಳಗೆ ಹೋದ್ರೆ ಬಣ್ಣ ಕೊಳೆತ ಮೊಟ್ಟೆ ಥರ ನಾರುತ್ತೆ.

ಭಾವ: ಹಾಳೆ? ಪ್ರಿಂಟರಿನದು ಸಾಕಲ್ವಾ?

ದೊಡ್ಡಪ್ಪ: ಸಾಲದು. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತೆ ಅನ್ನೋದು. 75-80 ಜಿಎಸ್‌ಎಂ ಹಾಳೆ ಒದ್ದೆಯಾದ ತಕ್ಷಣ ಸುರುಟಿ, ಹಳ್ಳ ಬಿದ್ದ ಕಡೆ ಬಣ್ಣ ನಿಲ್ಲುತ್ತೆ. 160ರಿಂದ 200 ಜಿಎಸ್‌ಎಂ, ಎ3 ಅಳತೆ ಇರಲಿ. ಬ್ರಶ್ ಎರಡು ಸಾಕು: 15-20 ಮಿ.ಮೀ. ಅಗಲದ ಚಪ್ಪಟೆಯದೊಂದು, 10ನೇ ನಂಬರಿನ ದುಂಡನೆಯದೊಂದು. ಹಿಡಿ ಗಿಡ್ಡ, ದಪ್ಪ ಇರಲಿ.

ಅತ್ತೆ: ಚಿತ್ರ ಸುರುಳಿ ಸುತ್ತಿ ಎತ್ತಿಡಬೇಡಿ. ಟೆಂಪೆರಾ ದಪ್ಪ ಬಳಿದ ಕಡೆ ಬಿರುಕು ಬಿಟ್ಟು ಉದುರುತ್ತೆ. ಮಟ್ಟಸವಾಗಿ ಇಟ್ಟೇ ಒಣಗಿಸಿ.

ಅಕ್ಕ: ಅಕ್ರಿಲಿಕ್ ಸೆಟ್ ಕಾರ್ಟಿನಿಂದ ತೆಗೆದೆ. ಹಳದಿ, ನೀಲಿ, ಮೆಜೆಂಟಾ, ದೊಡ್ಡ ಬಿಳಿ ಹಾಕಿದೀನಿ. ಕಪ್ಪು ಹಾಕ್ಲಾ ಬೇಡ್ವಾ?

ಅತ್ತೆ: ಹಾಕು.

ದೊಡ್ಡಪ್ಪ: ಒಂದು ತಿಂಗಳು ತಡಿ.