ರೈಜೋಬಿಯಂ ಹಾಕಿದರೂ ಅಲಸಂಡೆ ಹಳದಿ, ಯಾಕೆ?

ಪೆರ್ಲ_ತೋಟ:
ತಲೆ ಕೆಟ್ಟು ಹೋಗಿದೆ. ರೈಜೋಬಿಯಂ ಪುಡಿ, ಅದೇ ಬೇರಿನ ಗಂಟಲ್ಲಿ ಕೂತು ಗಾಳಿಯ ಸಾರಜನಕ ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ, ಹಚ್ಚಿಯೇ ಅಲಸಂಡೆ ಬಿತ್ತಿದ್ದು. ಬಳ್ಳಿ ಹಬ್ಬುವ ಹೊತ್ತಿಗೆ ಎಲೆ ಎಲ್ಲ ಹಳದಿ. ಕಿತ್ತು ನೋಡಿದರೆ ಬೇರಿನಲ್ಲಿ ಗಂಟು ಬೇಕಾದಷ್ಟಿದೆ. ಮತ್ತೆ ಸಾರಜನಕ ಎಲ್ಲಿಗೆ ಹೋಯ್ತು?

ಬದಿಯಡ್ಕ_ಬೈಲು:
ಪ್ಯಾಕೆಟ್ ಬಿಸಿಗೆ ಹಾಳಾಗಿರಬೇಕು. ಅದು ಜೀವ ಇರುವ ವಸ್ತು ಮಾರಾಯ್ರೆ. ಅಂಗಡಿಯಲ್ಲಿ ತಗಡಿನ ಮಾಡಿನ ಅಡಿ, ಯೂರಿಯಾ ಮೂಟೆ ಮೇಲೆ ಬಿದ್ದಿರುತ್ತದೆ. ತಾರೀಕು ನೋಡಿದ್ರಾ?

ಪೆರ್ಲ_ತೋಟ:
ತಾರೀಕು ಸರಿ ಇದೆ. ಬೆಲ್ಲದ ನೀರು ಆರಿದ ಮೇಲೆ ಪುಡಿ ಕಲಸಿ, ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ ಅದೇ ಸಂಜೆ ಬಿತ್ತಿದ್ದೇನೆ.

ಬದಿಯಡ್ಕ_ಬೈಲು:
ಸೋಯಾದ ಪ್ಯಾಕೆಟ್ ಅಲ್ಲ ತಾನೇ? ಅಲಸಂಡೆ, ಉದ್ದು, ಹೆಸರಿಗೆ ಒಂದೇ ಗುಂಪಿನದ್ದು ಸಾಕು, ಸೋಯಾದ್ದು ಬೇರೆ. ಅಲ್ಲ ಅಂದರೆ ಬಿಸಿಗೇ ಸತ್ತಿದೆ. ಹೊಸ ಪ್ಯಾಕೆಟ್ ತನ್ನಿ.

ಮುಳ್ಳೇರಿಯ_ಗುಡ್ಡೆ:
ನಮ್ಮದು ಮುರ (ಜಂಬಿಟ್ಟಿಗೆ) ಮಣ್ಣು, ಹುಳಿ ಜಾಸ್ತಿ. ಚಿಪ್ಪಿನ ಸುಣ್ಣ ಹಾಕದೆ ಏನೂ ಆಗದು.

ನೀರ್ಚಾಲು_ಮಣ್ಣು:
ಸುಣ್ಣದ ಬದಲು ಡೋಲೋಮೈಟ್ ಕಲ್ಲಿನ ಪುಡಿ ಹಾಕಿ, ಮೆಗ್ನೀಸಿಯಂ ಕೂಡ ಸಿಗುತ್ತದೆ. ಚಿಪ್ಪು ಸುಟ್ಟ ಸುಣ್ಣ ಬೀಜಕ್ಕೆ ತಾಗಿದರೆ ಬ್ಯಾಕ್ಟೀರಿಯಾವೇ ಸಾಯುತ್ತದೆ.

ಮುಳ್ಳೇರಿಯ_ಗುಡ್ಡೆ:
ಬೀಜಕ್ಕೆ ಹಾಕಿ ಅಂತ ನಾನೆಲ್ಲಿ ಹೇಳಿದೆ? ಬಿತ್ತುವ ಮೊದಲೇ ಮಣ್ಣಿಗೆ ಹಾಕುವುದು. ನಿಮ್ಮ ಡೋಲೋಮೈಟ್ ಕರಗುವಷ್ಟರಲ್ಲಿ ಅಲಸಂಡೆ ಸಾಂಬಾರೇ ಆಗಿ ಮುಗಿದಿರುತ್ತದೆ.

ಕುಂಬಳೆ_ಡ್ರಿಪ್:
ನಾನು ಸ್ಲರಿ ಟ್ಯಾಂಕಿನಿಂದ ಎಲ್ಲ ಡ್ರಿಪ್‌ನಲ್ಲೇ ಬಿಡುವುದು. ಪಂಪ್ ಫೋನಲ್ಲೇ ಆನ್ ಆಗುತ್ತದೆ. ಫೋಟೋ ಹಾಕಲಾ?

ಕಾಟುಕುಕ್ಕೆ_ಅಡಿಕೆ:
ಸುಣ್ಣದ ಜಗಳ ಆಮೇಲೆ. ಅಣ್ಣ, ಆ ಗಂಟನ್ನು ಬೆರಳಲ್ಲಿ ಉಜ್ಜಿ ನೋಡಿ. ರೈಜೋಬಿಯಂ ಗಂಟು ಬೇರಿನ ಬದಿಗೆ ಅಂಟಿಕೊಂಡಿರುತ್ತದೆ, ಮಣಿ ಉದುರಿದ ಹಾಗೆ ಕಳಚಿ ಬರುತ್ತದೆ. ಕೆಲಸ ಮಾಡುತ್ತಿದ್ದರೆ ಒಳಗೆ ಗುಲಾಬಿ ಬಣ್ಣ. ಬೇರೇ ಊದಿಕೊಂಡಿದ್ದರೆ ಅದು ಬೇರಿನೊಳಗೆ ಹೊಕ್ಕುವ ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳು, ನೆಮಟೋಡ್. ಕೊಳಕೆ (ಮೂರನೇ ಬೆಳೆಯ) ಭತ್ತದ ಗದ್ದೆಯಾ? ಮೊದಲು ಏನು ಬೆಳೆ ಇತ್ತು?

ಪೆರ್ಲ_ತೋಟ:
ಕಳಚುವುದಿಲ್ಲ. ಎಳೆದರೆ ಬೇರೇ ತುಂಡಾಗುತ್ತದೆ. ಒಳಗೆ ಬಿಳಿ. ಗದ್ದೆ ಅಲ್ಲ, ಮನೆ ಹಿಂದಿನ ತಟ್ಟು. ಬೆಂಡೆ ಇತ್ತು, ಅದೇ ಸಾಲಿಗೆ ಬಿತ್ತಿದ್ದು.

ಕಾಟುಕುಕ್ಕೆ_ಅಡಿಕೆ:
ಇದನ್ನು ಮೊದಲೇ ಹೇಳಬಾರದಾ! ಬೆಂಡೆ, ಬದನೆ, ಟೊಮೆಟೊ ಮೂರೂ ಆ ಹುಳಕ್ಕೆ ಬಲು ಇಷ್ಟ. ಹುಳ ಹೊಕ್ಕ ಬೇರು ನೀರು, ಗೊಬ್ಬರ ಸರಿಯಾಗಿ ಎಳೆಯುವುದಿಲ್ಲ, ಅದಕ್ಕೇ ಹಳದಿ. ಜಾಸ್ತಿ ಬಾಡಿದ ಗಿಡ ಬೇರು ಸಮೇತ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಬೆಳೆ ಮುಗಿದ ಮೇಲೆ ಅಗೆದು ಬಿಸಿಲಿಗೆ ಬಿಡಿ, ಬೇವಿನ ಹಿಂಡಿ ಸೇರಿಸಿ, ಒಂದು ಸಲ ಚೆಂಡು ಹೂ ಹಾಕಿ. ಮಳೆಗಾಲವಿಡೀ ನೀರು ನಿಲ್ಲುವ ಗದ್ದೆಯಲ್ಲಿ ಇದರ ಕಾಟ ಕಡಿಮೆ.

ಬದಿಯಡ್ಕ_ಬೈಲು:
ಆದರೂ ಪ್ಯಾಕೆಟ್ ಎಲ್ಲಿ ಇಟ್ಟಿದ್ದರು ಅಂತ ಕೇಳುವುದು ಒಳ್ಳೆಯದು.

ಪೆರ್ಲ_ತೋಟ:
ಪಕ್ಕದ ಸಾಲಿಗೆ ಮೊನ್ನೆಯಷ್ಟೇ ಬದನೆ ಸಸಿ ನೆಟ್ಟಾಗಿದೆ. ಈಗ ಅದನ್ನೂ ಕೀಳಬೇಕಾ?

ಕುಂಬಳೆ_ಡ್ರಿಪ್:
ಬದನೆಗೆ ಡ್ರಿಪ್ ಬೇಕೇ ಬೇಕು. ಟ್ಯಾಂಕಿನ ಫೋಟೋ ಹಾಕಿದ್ದೇನೆ, ನೋಡಿ.