ಮೂರು ತಿಂಗಳ ಬೆಕ್ಕಿನ ಮರಿಗೆ ಭೇದಿ, ಆದರೆ ಆಟ ಮಾತ್ರ ನಿಂತಿಲ್ಲ

ನಿದ್ದೆಗೆಟ್ಟವಳು: ನಾಲ್ಕು ದಿನದಿಂದ ನಮ್ಮ ಮರಿಗೆ ಹೊಟ್ಟೆ ಕೆಟ್ಟಿದೆ. ದಿನಕ್ಕೆ ಐದಾರು ಸಲ, ಕೆಸರಿನ ಹಾಗೆ. ಕಡೆಗೆ ಸ್ವಲ್ಪ ಲೋಳೆಯೂ ಬರುತ್ತದೆ. ಹಿಂಗಾಲಿಗೆ ಮೆತ್ತಿಕೊಂಡು ಬಂದು ನನ್ನ ದಿಂಬಿನ ಮೇಲೆ ಹೆಜ್ಜೆ ಗುರುತು ಹಾಕಿದೆ. ವಾಂತಿ ಇಲ್ಲ. ಊಟ, ಓಟ ಎರಡೂ ಚೆನ್ನಾಗಿದೆ. ಏನು ಮಾಡಲಿ?

ಮೂರುಬೆಕ್ಕು: ಆಹಾರ ಬದಲಾಯಿಸಿದಿರಾ? ಹಾಲು ಕೊಡುತ್ತೀರಾ? ಜಂತಿನ ಔಷಧಿ, ಲಸಿಕೆ ಆಗಿದೆಯಾ?

ನಿದ್ದೆಗೆಟ್ಟವಳು: ಹಳೇ ಪ್ಯಾಕೆಟ್ ಮುಗಿಯಿತು ಅಂತ ಹೋದ ವಾರ ಬೇರೆ ಡ್ರೈ ಫುಡ್ ತಂದೆ. ಜಂತಿನ ಔಷಧಿ ಒಂದು ಸಲ, ಲಸಿಕೆಯೂ ಒಂದು ಸಲ ಆಗಿದೆ.

ಮೂರುಬೆಕ್ಕು: ಹಾಲಿನ ಪ್ರಶ್ನೆಗೆ ಉತ್ತರ ಬರಲಿಲ್ಲ!

ನಿದ್ದೆಗೆಟ್ಟವಳು: ಸಿಕ್ಕಿಬಿದ್ದೆ. ರಾತ್ರಿ ಕೂಗಿದಾಗ ಒಂದೆರಡು ಚಮಚ ಹಸುವಿನ ಹಾಲು ಹಾಕುತ್ತೇನೆ. ಬೆಕ್ಕು ಅಂದಮೇಲೆ ಹಾಲು ಅಲ್ವಾ?

ದೊಡ್ಡಮೀಸೆ: ಸುಮ್ನೆ ಒಂದು ದಿನ ಉಪವಾಸ ಹಾಕಿ, ಸರಿಹೋಗುತ್ತೆ.

ಮೂರುಬೆಕ್ಕು: ಮರಿಗೆ ಉಪವಾಸ ಬೇಡವೇ ಬೇಡ. ಮೈಯಲ್ಲಿ ಕೂಡಿಟ್ಟ ಶಕ್ತಿ ಕಡಿಮೆ, ರಕ್ತದ ಸಕ್ಕರೆ ಬೇಗ ಇಳಿದುಬಿಡುತ್ತದೆ. ಸ್ವಲ್ಪ ಸ್ವಲ್ಪವೇ, ದಿನಕ್ಕೆ ನಾಲ್ಕೈದು ಸಲ ಕೊಡಿ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅಂತಾರೆ. ನಿಮ್ಮಲ್ಲಿ ಕಣ್ಣು ಮುಚ್ಚಿದ್ದು ನೀವೇ! ತಾಯಿ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಅರಗಿಸುವ ಶಕ್ತಿ ಮರಿಗೆ ಕಡಿಮೆಯಾಗುತ್ತಾ ಬರುತ್ತದೆ. ಅರಗದ ಸಕ್ಕರೆ ಕರುಳಿಗೆ ನೀರು ಎಳೆಯುತ್ತದೆ, ಭೇದಿ ಆಗುತ್ತದೆ. ಇವತ್ತೇ ನಿಲ್ಲಿಸಿ, ಪಕ್ಕದಲ್ಲಿ ನೀರಿಡಿ. ಹಳೇ ಆಹಾರ ಸಿಕ್ಕರೆ ಅದಕ್ಕೇ ಮರಳಿ. ಕಕ್ಕ ಗಟ್ಟಿಯಾದ ಮೇಲೆ ಹೊಸದನ್ನು ದಿನಾ ಚೂರು ಜಾಸ್ತಿ ಮಾಡುತ್ತಾ 7ರಿಂದ 10 ದಿನದಲ್ಲಿ ಬದಲಾಯಿಸಿ.

ಆದರೆ ನಾಲ್ಕು ದಿನ ಆಗಿದೆ, ಲೋಳೆಯೂ ಇದೆ. ಹಾಲಿನ ಮೇಲೆ ತಪ್ಪು ಹೊರಿಸಿ ಕೂರಬೇಡಿ. ತಾಜಾ ಕಕ್ಕವನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿಕೊಂಡು ವೆಟ್ ಹತ್ತಿರ ಹೋಗಿ. ಜಿಯಾರ್ಡಿಯಾ, ಕಾಕ್ಸಿಡಿಯಾ ಅಂತ ಕರುಳಲ್ಲಿ ಸೇರಿಕೊಳ್ಳುವ, ಕಣ್ಣಿಗೆ ಕಾಣದ ಪರಾವಲಂಬಿಗಳಿವೆ. ಮಾಮೂಲಿ ಜಂತಿನ ಮಾತ್ರೆ ಅವಕ್ಕೆಲ್ಲ ಕೆಲಸ ಮಾಡುವುದಿಲ್ಲ, ಪರೀಕ್ಷೆ ಮಾಡಿಯೇ ನೋಡಬೇಕು.

ಅಲ್ಲಿಯವರೆಗೆ ವಸಡು ಮುಟ್ಟಿ ನೋಡುತ್ತಿರಿ. ಒದ್ದೆಯಾಗಿ ಜಾರಬೇಕು. ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ. ವಾಂತಿ ಶುರುವಾದರೆ, ರಕ್ತ ಕಂಡರೆ, ಊಟ ಬಿಟ್ಟು ಮೂಲೆ ಸೇರಿದರೆ ಅದೇ ಹೊತ್ತಿಗೆ ಹೊರಡಿ. ಲಸಿಕೆ ಪೂರ್ತಿ ಆಗದ ಮರಿಗೆ ಪ್ಯಾನ್‌ಲ್ಯುಕೊಪೀನಿಯಾ ಅನ್ನುವ ಪ್ರಾಣಕ್ಕೇ ಕುತ್ತು ತರುವ ವೈರಸ್ ಕಾಯಿಲೆ ಬರಬಹುದು. ಅದು ಕಾದು ನೋಡುವಂಥ ರೋಗ ಅಲ್ಲ.

ಇನ್ನೊಂದು ಮಾತು. ಮನುಷ್ಯರ ಭೇದಿ ಮಾತ್ರೆ ಕೊಡಬೇಡಿ. ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಅಂತೂ ಮುಟ್ಟಲೇಬೇಡಿ, ಬೆಕ್ಕಿಗೆ ಅದು ವಿಷ.

ದೊಡ್ಡಮೀಸೆ: ನಮ್ಮದು ಎಂಟು ಕಿಲೋ ಗಡವ, ಆ ಲೆಕ್ಕದಲ್ಲಿ ಹೇಳಿಬಿಟ್ಟೆ. ಉಪವಾಸದ ಮಾತು ವಾಪಸ್.

ಮೂರುಬೆಕ್ಕು: ಗಡವನಿಗೂ ಬೇಡ ಮಾರಾಯ್ರೇ. ದಪ್ಪ ಬೆಕ್ಕು ಕೆಲವು ದಿನ ಊಟ ಬಿಟ್ಟರೆ ಲಿವರ್‌ಗೆ ಕೊಬ್ಬು ತುಂಬಿಕೊಳ್ಳುತ್ತದೆ.

ನಿದ್ದೆಗೆಟ್ಟವಳು: ಒಂಬತ್ತು ದಿನ ಆಯಿತು. ಹಾಲು ನಿಲ್ಲಿಸಿದ ಮೇಲೆ ಐದಾರು ಸಲ ಇದ್ದದ್ದು ಮೂರಕ್ಕೆ ಇಳಿಯಿತು, ಲೋಳೆ ಮಾತ್ರ ನಿಲ್ಲಲಿಲ್ಲ. ಪರೀಕ್ಷೆಯಲ್ಲಿ ಕಾಕ್ಸಿಡಿಯಾ ಸಿಕ್ಕಿತು. ಡಾಕ್ಟ್ರು ತೂಕ ನೋಡಿ ಔಷಧಿ ಕೊಟ್ಟರು. ಲಿಟರ್ ಬಾಕ್ಸಿನಿಂದ ಕಕ್ಕ ಆಗಾಗಲೇ ತೆಗೆಯಬೇಕಂತೆ, ಇಲ್ಲದಿದ್ದರೆ ಕಾಲಿಗೆ ಮೆತ್ತಿದ್ದನ್ನು ನೆಕ್ಕಿ ಮತ್ತೆ ಹೊಟ್ಟೆಗೆ ಹೋಗುತ್ತದಂತೆ. ನಿನ್ನೆ ಬೆಳಿಗ್ಗೆ ಮೊದಲ ಸಲ ಗಟ್ಟಿ ಕಕ್ಕ! ಖುಷಿಗೆ ಫೋಟೊ ತೆಗೆದು ಮನೆಯವರಿಗೆ ಕಳಿಸಿದೆ. ಅವರು ತಿಂಡಿ ತಿನ್ನುತ್ತಿದ್ದರಂತೆ.