ಡೇಟಾಬೇಸ್ ಒಳಗಡೆ ಏನಾಗತ್ತೆ ಅನ್ನೋದನ್ನ ಎಲ್ಲಿಂದ ಓದೋಕೆ ಶುರು ಮಾಡ್ಲಿ?

ಚೆಕ್‌ರೋಲ್_ಹುಡುಗ:
ಎಲ್ರಿಗೂ ನಮಸ್ಕಾರ, ನಾನು ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದೀನಿ, ಕಂಪ್ಯೂಟರ್ ಸೈನ್ಸ್, ಐದನೇ ಸೆಮ್. ಮೂಡಿಗೆರೆ ಹತ್ರ ಭಾವನ ತೋಟ ಇದೆ, ಕಾಫಿ ಕುಯ್ಲಿನ ಟೈಮಲ್ಲಿ ಯಾರು ಎಷ್ಟು ಕೆಜಿ ಹಣ್ಣು ಕುಯ್ದ್ರು ಅಂತ ಬರ್ಕೊಳಕ್ಕೆ ಪೈಥಾನ್, ಎಸ್‌ಕ್ಯೂಲೈಟ್ (ಎಲ್ಲಾ ಡೇಟಾನೂ ಒಂದೇ ಫೈಲಲ್ಲಿ ಇಡೋ ಸಣ್ಣ ಡೇಟಾಬೇಸ್) ಹಾಕಿ ಒಂದು ಸಣ್ಣ ಸಾಫ್ಟ್‌ವೇರ್ ಮಾಡ್ಕೊಟ್ಟಿದ್ದೆ. ಒಂದಿನ ಸಂಜೆ ಎಂಟ್ರಿ ಹಾಕ್ತಾ ಇರೋವಾಗ್ಲೇ ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ಕಾಲ ಆಗಿತ್ತೋ, ಸಿಸ್ಟಮ್ ಧಪ್ ಅಂತ ಆಫ್. ಭಾವ ನನ್ ಮುಖ ನೋಡಿದ್ರು. ಕರೆಂಟ್ ಬಂದ್ಮೇಲೆ ತೆಗೆದು ನೋಡಿದ್ರೆ ಹಿಂದಿನ ಎಂಟ್ರಿ ಎಲ್ಲ ಸರಿ ಇದಾವೆ, ಆ ಕೊನೇ ಒಂದು ಮಾತ್ರ ಇಲ್ಲ, ದಿನದ ಟೋಟಲ್ಲೂ ಹಳೇದೇ ಇದೆ. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದ್ರೆ ಎರಡೂ ಆಗ್ಬೇಕು, ಇಲ್ಲಾಂದ್ರೆ ಒಂದೂ ಆಗ್ಬಾರ್ದು ಅನ್ನೋ ಥರ) ಹಾಕಿದ್ದೆ ಸರಿ, ಆದ್ರೆ ಅರ್ಧ ಬರ್ದಿದ್ದನ್ನ ಅದು ವಾಪಸ್ ತಗೊಂಡಿದ್ದು ಹೆಂಗೆ?

ಪರೀಕ್ಷೇಲಿ ಆಸಿಡ್ ಪ್ರಾಪರ್ಟೀಸ್ (ಟ್ರಾನ್ಸಾಕ್ಷನ್ ಪಾಲಿಸ್ಬೇಕಾದ ನಾಲ್ಕು ಗುಣ) ಅಂತ ಹತ್ತು ಮಾರ್ಕ್ಸಿಗೆ ಬರ್ದಿದೀನಿ, ಇದು ಮಾತ್ರ ಗೊತ್ತಿಲ್ಲ. ಕ್ಲಾಸಲ್ಲಿ ಕೇಳಿದ್ರೆ ಸಿಲಬಸ್‌ನಲ್ಲಿಲ್ಲ ಅಂದ್ರು. ಎಲ್ಲಿಂದ ಶುರು ಮಾಡ್ಲಿ? ಲ್ಯಾಪ್‌ಟಾಪ್ 8 ಜಿಬಿ ರ‍್ಯಾಮ್, ಸಿ ಪ್ಲಸ್ ಪ್ಲಸ್ ಅಷ್ಟಕ್ಕಷ್ಟೆ.

ಬೆಂಗ್ಳೂರು_ಸೇರಿದವ:
ಗುರು ಬೇಜಾರ್ ಮಾಡ್ಕೋಬೇಡ, ಪ್ಲೇಸ್‌ಮೆಂಟಿಗೆ ಇದ್ಯಾವ್ದೂ ಕೇಳಲ್ಲ. ಜಾಯಿನ್, ನಾರ್ಮಲೈಸೇಶನ್ ಗಟ್ಟಿ ಮಾಡ್ಕೊಂಡು ಡೇಟಾ ಸ್ಟ್ರಕ್ಚರ್ಸ್ ಮಾಡು ಸಾಕು.

ಘಟ್ಟದ_ಮೇಲಿನವ:
ಮೇಲಿನವ್ರು ಹೇಳಿದ್ದು ಮೊದಲನೇ ಕೆಲಸಕ್ಕೆ ಸರಿ ಇರ್ಬೋದು. ನಾನು ಡೇಟಾಬೇಸ್ ಕೆಲಸದಲ್ಲೇ ಇರೋನು, ನಂಗೆ ಅನ್ನ ಹಾಕ್ತಿರೋದೇ ಈ ಒಳಗಿನ ವಿಷಯ.

ತಮ್ಮಾ, ಉತ್ತರ ನಿಮ್ ಭಾವನ ತೋಟದಲ್ಲೇ ಇದೆ ಮಾರಾಯ. ತೋಟದ ಲೆಕ್ಕ ಬರೆಯೋ ರೈಟ್ರು ತೂಕ ಹಾಕೋ ಜಾಗದಲ್ಲಿ ನೇರ ಚೆಕ್‌ರೋಲ್‌ಗೆ (ಆಳುಗಳ ಲೆಕ್ಕದ ದೊಡ್ಡ ಪುಸ್ತಕಕ್ಕೆ) ಬರೀತಾರಾ? ಇಲ್ಲ, ಜೇಬಲ್ಲಿರೋ ಸಣ್ಣ ಪುಸ್ತಕದಲ್ಲಿ ಒಂದರ ಕೆಳಗೆ ಒಂದು ಗೀಚ್ಕೊಂಡು ಹೋಗ್ತಾರೆ, ಆಮೇಲೆ ಕೂತ್ಕೊಂಡು ಏರಿಸ್ತಾರೆ. ಏರಿಸೋವಾಗ ಮಧ್ಯ ಎದ್ದು ಹೋದ್ರೂ ಸಣ್ಣ ಪುಸ್ತಕ ನೋಡಿ ಮುಂದುವರಿಸ್ಬೋದು. ಇದೇ ರೈಟ್ ಅಹೆಡ್ ಲಾಗ್ (ಚಿಕ್ಕದಾಗಿ ವಾಲ್), ಬದಲಾವಣೆನ ಮೊದ್ಲು ಲಾಗಲ್ಲಿ ಬರ್ದು ಆಮೇಲೆ ಅಸಲಿ ಫೈಲಿಗೆ ಏರಿಸೋದು. ಪೋಸ್ಟ್‌ಗ್ರೆಸ್ ಅನ್ನೋ ದೊಡ್ಡ ಡೇಟಾಬೇಸ್ ಮಾಡೋದು ಹಿಂಗೇ. ಇದನ್ನ ಪಕ್ಕಾ ಮಾಡಿ 1992ರಲ್ಲಿ ಏರೀಸ್ ಅನ್ನೋ ಪೇಪರ್ ಬರೆದೋರಲ್ಲಿ ಮೊದಲನೇ ಹೆಸರು ಸಿ. ಮೋಹನ್, ಮದ್ರಾಸ್ ಐಐಟಿಯಲ್ಲಿ ಓದಿ ಐಬಿಎಂ ಸೇರಿದೋರು.

ಪಾಠ ಬೇಕಂದ್ರೆ ಅಮೆರಿಕದ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯ ಆಂಡಿ ಪಾವ್ಲೋ ಕ್ಲಾಸುಗಳು ಯೂಟ್ಯೂಬಲ್ಲಿ ಫ್ರೀ ಇದಾವೆ. ಜೊತೆಗೆ ಬಸ್‌ಟಬ್ ಅಂತ ಪ್ರಾಜೆಕ್ಟ್, ಬಫರ್ ಪೂಲ್ (ಡಿಸ್ಕಿನ ಡೇಟಾನ ಮೆಮೊರಿಯಲ್ಲಿ ಇಟ್ಕೊಳೋ ಭಾಗ) ನೀನೇ ಬರೀಬೇಕು. 8 ಜಿಬಿ ಸಾಕು, ಸಿ ಪ್ಲಸ್ ಪ್ಲಸ್ ಮಾತ್ರ ಅಳಿಸತ್ತೆ.

ಬಿಪ್ಲಸ್_ಮರ:
@ಘಟ್ಟದ_ಮೇಲಿನವ ಅಣ್ಣ, ಹೋಲಿಕೆ ಚೆನ್ನಾಗಿದೆ, ಆದ್ರೆ ಇವ್ರ ಕೇಸಲ್ಲಿ ಆಗಿದ್ದು ಅದಲ್ಲ. ಎಸ್‌ಕ್ಯೂಲೈಟ್ ಡಿಫಾಲ್ಟ್ ಆಗಿ ಉಲ್ಟಾ ಮಾಡತ್ತೆ. ತಿದ್ದೋಕೆ ಮುಂಚೆ ಹಳೇ ಪೇಜನ್ನ (ಡೇಟಾಬೇಸ್ ಫೈಲಿನ ಒಂದೇ ಅಳತೆಯ ತುಂಡುಗಳಲ್ಲಿ ಒಂದು) ಜರ್ನಲ್ ಅನ್ನೋ ಬೇರೆ ಫೈಲಿಗೆ ಕಾಪಿ ಮಾಡಿ, ಆಮೇಲೆ ಅಸಲಿ ಫೈಲ್ ತಿದ್ದತ್ತೆ. ಮಧ್ಯ ಕರೆಂಟ್ ಹೋದ್ರೆ ಮುಂದಿನ ಸಲ ಓಪನ್ ಮಾಡ್ದಾಗ ಜರ್ನಲ್ ಉಳ್ಕೊಂಡಿರೋದು ಕಾಣತ್ತೆ, ಹಳೇ ಪೇಜ್ ವಾಪಸ್ ಹಾಕತ್ತೆ. ಜರ್ನಲ್ ಅಳಿಸಿದ್ರೇನೇ ಕಮಿಟ್ ಆದಂಗೆ, ಅಂದ್ರೆ ಬದಲಾವಣೆ ಖಾಯಂ ಆದಂಗೆ. ರೈಟ್ರ ಜೇಬಿನ ಪುಸ್ತಕದ ಥರ ಬೇಕಂದ್ರೆ ಜರ್ನಲ್ ಮೋಡನ್ನ ವಾಲ್ ಅಂತ ಬದಲಾಯಿಸ್ಬೇಕು.

ಇನ್ನೊಂದು, ಟೆಸ್ಟ್ ಮಾಡ್ತೀನಿ ಅಂತ ಪ್ರೋಗ್ರಾಮನ್ನ ಕಿಲ್ ಮಾಡಿದ್ರೆ ಅದು ಕರೆಂಟ್ ಹೋದಂಗಲ್ಲ. ಡಿಸ್ಕಿಗೆ ಇನ್ನೂ ಇಳೀದೇ ಇರೋದು ಆಪರೇಟಿಂಗ್ ಸಿಸ್ಟಮ್ ಹತ್ರ ಉಳ್ಕೊಂಡಿರತ್ತೆ, ಕರೆಂಟ್ ಹೋದ್ರೆ ಅದೂ ಹೋಗತ್ತೆ. ಅದಕ್ಕೇ ಎಫ್‌ಸಿಂಕ್ (ಈಗ್ಲೇ ಡಿಸ್ಕಿಗೆ ಇಳಿಸು ಅನ್ನೋ ಆದೇಶ) ಇರೋದು.

ಲೆಕ್ಚರ್ ಆಮೇಲೆ ನೋಡಿ. ಮೊದ್ಲು ನಿಮ್ ಫೈಲ್ ಕಾಪಿ ತಗೊಂಡು ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದ ಅಂಕಿಗಳಲ್ಲಿ) ಬಿಚ್ಚಿ, ಮೊದಲ 16 ಬೈಟ್ ಬಿಟ್ಟು ಮುಂದಿನ ಎರಡು ನೋಡಿ, ಪೇಜ್ ಸೈಜ್ ಅಲ್ಲೇ ಇರತ್ತೆ.

ಚೆಕ್‌ರೋಲ್_ಹುಡುಗ:
ನೋಡ್ದೆ! ಮೊದಲಲ್ಲಿ ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3 ಅಂತ ಅಕ್ಷರದಲ್ಲೇ ಇದೆ, ಆಮೇಲೆ 10 00. ಪೇಜ್ ಸೈಜ್ ಸಾವಿರ ಅನ್ಕೊಂಡು ಅರ್ಧ ಗಂಟೆ ಲೆಕ್ಕ ಹಾಕಿ ಒದ್ದಾಡ್ದೆ, ಆಮೇಲೆ ಹೊಳೀತು ಇದು ಹೆಕ್ಸ್, ಅಂದ್ರೆ 4096 😅 ಕಾಪಿಯಲ್ಲಿ ಡಿಲೀಟ್ ಕೊಟ್ಟು ಕಮಿಟ್ ಮಾಡ್ದೆ ಬಿಟ್ಟೆ, ಫೋಲ್ಡರಲ್ಲಿ ಜರ್ನಲ್ ಅಂತ ಫೈಲ್ ಹುಟ್ಕೊಂತು, ಕಮಿಟ್ ಕೊಟ್ಟಿದ್ದೇ ಮಾಯ. ಆದ್ರೆ ಹೋದ ವರ್ಷದ್ದೆಲ್ಲ ಡಿಲೀಟ್ ಮಾಡಿದ್ರೂ ಫೈಲ್ ಸೈಜ್ ಒಂದು ಬೈಟೂ ಕಮ್ಮಿ ಆಗಿಲ್ವಲ್ಲ?

ಬಿಪ್ಲಸ್_ಮರ:
ಆಗಲ್ಲ. ಖಾಲಿ ಆದ ಪೇಜುಗಳು ಫ್ರೀಲಿಸ್ಟಿಗೆ ಹೋಗತ್ವೆ, ಹೊಸ ಎಂಟ್ರಿ ಬಂದಾಗ ಅದೇ ಜಾಗ ತುಂಬತ್ತೆ. ಸಣ್ಣ ಮಾಡ್ಲೇಬೇಕಂದ್ರೆ ವ್ಯಾಕ್ಯೂಮ್ ಅನ್ನೋ ಕಮಾಂಡ್ ಕೊಡಿ. ಅಸಲಿ ಫೈಲಿಗೆ ಕೊಡೋಕೆ ಮುಂಚೆ ಬ್ಯಾಕಪ್ ತಗೊಳಿ ಮಾತ್ರ.

ಚೆಕ್‌ರೋಲ್_ಹುಡುಗ:
ಕುಯ್ಲು ಮುಗಿಯೋ ತನಕ ಅಸಲಿ ಫೈಲ್ ಮುಟ್ಟಲ್ಲ ಅಣ್ಣ, ಭಾವ ಓಡಿಸ್ಕೊಂಡು ಬರ್ತಾರೆ. ಹೊಸ ಯುಪಿಎಸ್ ಬ್ಯಾಟರಿ ತಂದಿದಾರೆ.